ನಾನು ಮೆಚ್ಚಿದ ಬಾರ್ಡರು

ಹೊಗಳುವ ಚಟಕ್ಕೆ ಔಷಧಿಯಿಲ್ಲ. ಚಳ್ಳಕೆರೆಯಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಮಾರಿ ಮಾರಿ ನನಗದು ಅಂಟಿಕೊಂಡಿದೆ. ಎದುರಿಗೆ ಏನೇ ಬರಲಿ, ನೋಡುವ ಮೊದಲೇ ಬಾಯಿ 'ಆಹಾ' ಎಂದಿರುತ್ತದೆ. ಹೆಂಡತಿಯ ಉಪ್ಪಿಲ್ಲದ ಸಾರನ್ನು ಹೀಗೇ ಹೊಗಳಿ, ಮರುದಿನವೂ ಅದನ್ನೇ ಉಂಡವನು ನಾನು.

ಆದರೆ ತಂಗಿಯ ಮಗಳು ವಸುಧಾಳನ್ನು ಹೊಗಳುವಾಗ ಮಾತ್ರ ಅಷ್ಟೂ ನಿಜ, ವ್ಯಾಪಾರವಿಲ್ಲ. ಹುಡುಗಿ ಆಲ್‌ಝೈಮರ್ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ನಮ್ಮವ್ವನಿಗಿರುವುದೂ ಅದೇ. ಅವ್ವ ದಿನವೂ ಅಂಗಡಿಗೆ ಬಂದು ಕೂರುತ್ತಾಳೆ. ನಾನು ಯಾರೋ ಅಂಗಡಿಯವನು ಅಂದುಕೊಂಡಿದ್ದಾಳೆ. "ಇಲ್ಲಿ ಬ್ಯಾಡ ಕಣಮ್ಮ, ನನ್ನ ಮಗನ ಅಂಗಡಿಗೆ ಹೋಗು, ಅಲ್ಲಿ ಚೆನ್ನಾಗಿರೋವು ಅದಾವೆ" ಎಂದು ನನ್ನ ಗಿರಾಕಿಗಳನ್ನೇ ಎಬ್ಬಿಸಿ ಕಳಿಸುತ್ತಾಳೆ. ಅವ್ವನಿಗೆ ಮತ್ತೆ ನನ್ನ ಗುರುತು ಹತ್ತಬೇಕು, ಅದೊಂದೇ ನನ್ನ ಆಸೆ. ವಸುಧಾ ಔಷಧಿ ಕಂಡುಹಿಡಿದೇಬಿಟ್ಟಳೆಂದು ರಾಂಪುರದವರೆಗೂ ಸಾರಿಬಿಟ್ಟಿದ್ದೆ.

ಮೊನ್ನೆ ರಜೆಗೆ ಬಂದವಳು ಅಂಗಡಿಯಲ್ಲಿ ಕೂತು ಫೋನಿನಲ್ಲೊಂದು ಚಿತ್ರ ತೋರಿಸಿದಳು. "ನೋಡು ಮಾವ, ವರ್ಷಗಟ್ಟಲೆ ಮಾಡಿದ ಕೆಲಸ." ನೀಲಿ ಎಳೆಗಳು ಬಳುಕಿ, ಮಡಚಿ, ಒಂದರ ಮೇಲೊಂದು ಒಂದೇ ಅಳತೆಗೆ ಕೂತಿದ್ದವು. "ಆಹಾ! ಬಾರ್ಡರ್ ಅಂದ್ರೆ ಇದಮ್ಮ! ನನಗೂ ಕಳಿಸು" ಎಂದು ಪಡೆದು, ಅಲ್ಲೇ ಮೊಳಕಾಲ್ಮೂರಿನ ನೇಕಾರ ಓಬಳೇಶನಿಗೆ ರವಾನಿಸಿದೆ. ತಕ್ಷಣ ಅವನ ಫೋನು, ಬಲು ಚೆನ್ನಾಗಿದೆಯೆಂದು ತೆಲುಗಿನಲ್ಲಿ. "ಚಾಲಾ ಬಾಗುಂದಿ ಸಾವ್ಕಾರ್ರೆ! ಮಗ್ಗಕ್ಕೆ ಹಾಕ್ಲಾ?"

"ಹಾಕು ಹಾಕು! ಮೊದಲನೇ ಸೀರೆ ನಮ್ಮವ್ವನಿಗೇ!" ಎಂದೆ.

ವಸುಧಾಳ ಮುಖ ಸಣ್ಣಗಾಯಿತು. "ಮಾವ, ಅದು ಅಜ್ಜಿ ತಲೆಯೊಳಗೆ ಕೂತಿರೋ ವಿಷ."

ಮೆದುಳಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಳ್ಳುತ್ತದಂತೆ. ಪಕ್ಕದ್ದೂ ಅದರಂತೆಯೇ ಮಡಚಿ ಅಂಟುತ್ತದಂತೆ. ಹಾಗೆ ಗಂಟುಕಟ್ಟಿದ್ದು ಸುತ್ತಲ ಜೀವಕೋಶಗಳನ್ನು ಕೊಲ್ಲುತ್ತದೆ. ಆ ಗಂಟುಗಳನ್ನು ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಮಸುಕು ಚಿತ್ರಗಳನ್ನು ರಾಶಿರಾಶಿಯಾಗಿ ಕೂಡಿಸಿ ಇವಳು ಈ ಆಕಾರ ಬಿಡಿಸಿದ್ದಾಳೆ. "ಔಷಧಿ ಎಲ್ಲಿ ಹೋಗಿ ಕೂರಬೇಕು ಅಂತ ತಿಳಿಯೋಕೆ ಮೊದಲು ಅದರ ಆಕಾರ ಗೊತ್ತಿರಬೇಕು ಮಾವ."

"ಅವ್ವನಿಗೆ ಯಾವಾಗ ಸಿಗತೈತೆ?"

"ಅಜ್ಜಿಗೆ ಸಿಗಲಿಕ್ಕಿಲ್ಲ."

ಹುಡುಗಿ ಸುಳ್ಳು ಹೇಳಲಿಲ್ಲ. ಅಂಥ ವೈರಿಯ ಒಂದೊಂದು ಮಡಿಕೆಯನ್ನೂ ಕಣ್ಣು ಕೀಳದೆ ನೋಡಿದ ಅವಳ ತಾಳ್ಮೆಗೆ ಕೈಮುಗಿಯೋಣ ಅನ್ನಿಸಿತು. ಓಬಳೇಶನಿಗೆ ಫೋನ್ ಮಾಡಿ ಬೇಡವೆಂದೆ.

ಅಷ್ಟರಲ್ಲಿ ಅವ್ವ ಎದ್ದಳು. "ನನ್ನ ಮಗ ಊಟಕ್ಕೆ ಬರೋ ಹೊತ್ತಾತು. ನೀನೂ ಬಾರಪ್ಪ, ಒಂದು ತುತ್ತು ಉಂಡು ಹೋಗುವಂತೆ."

ಮನೆಯಲ್ಲಿ ಹೆಂಡತಿ ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಅವ್ವ ಕೈಹಾಕಿ ಅದರಲ್ಲಿ ಅರ್ಧ ಮುರಿದು, ಬಟ್ಟಲಲ್ಲಿ ಮುಚ್ಚಿಟ್ಟು, "ಬೇಜಾರಾಗ್ಬ್ಯಾಡಪ್ಪ, ಇದು ನನ್ನ ಮಗನಿಗೆ" ಎಂದಳು. ನಾನು ಅರೆಹೊಟ್ಟೆಯಲ್ಲಿ ಎದ್ದು ಕೈ ತೊಳೆದೆ. ನಿಜ ಹೇಳುತ್ತೇನೆ, ಆ ಮಗನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು.