ಚಾಸಿ ನಂಬರ್ ನೋಡಲು ಹೋದಾಗ

ಅಳಬೇಕಾದ ಜಾಗದಲ್ಲಿ ನಗು ಬಂದುಬಿಡುವುದು ನನ್ನ ಕೆಲಸದಲ್ಲಿ ಹೊಸದೇನಲ್ಲ. ಆಗಾಗ ಆಗುತ್ತಲೇ ಇರುತ್ತದೆ. ಆಮೇಲೆ ಮನೆಗೆ ಬಂದು ಕೂತಾಗ, ಅಲ್ಲಿ ನಕ್ಕಿದ್ದು ಸರಿಯೋ ತಪ್ಪೋ ಎಂದು ಯೋಚನೆ ಹತ್ತುತ್ತದೆ.

ನಾನು ಪುಣೆಯಲ್ಲಿ ಹಳೇ ಕಾರು ಕೊಳ್ಳುವ ಒಂದು ಕಂಪನಿಯಲ್ಲಿದ್ದೇನೆ. ಕಾರು ಮಾರಬೇಕೆಂದವರು ಫೋನ್ ಮಾಡಿದರೆ ಅವರ ಮನೆಗೇ ಹೋಗಿ ಗಾಡಿ ನೋಡಿ ಬರುವವಳು ನಾನು. ಮೊದಲು ನೋಡುವುದು ಚಾಸಿ ನಂಬರು. ಗಾಡಿಯ ಮೈಮೇಲೆ ಒತ್ತಿದ ಹದಿನೇಳು ಅಕ್ಷರ, ಅಂಕಿಗಳು. ಗಾಡಿ ಯಾವ ದೇಶದ್ದು, ಯಾವ ಕಂಪನಿಯದು, ಯಾವ ಮಾಡೆಲ್ಲು, ಯಾವ ವರ್ಷದ್ದು, ಯಾವ ಕಾರ್ಖಾನೆಯಿಂದ ಹೊರಬಂತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬಣ್ಣ ಬದಲಾಯಿಸಬಹುದು, ಸೀಟು ಬದಲಾಯಿಸಬಹುದು, ಆ ನಂಬರು ಮಾತ್ರ ಗಾಡಿ ಗುಜರಿಗೆ ಹೋಗುವ ತನಕ ಅದೇ.

ಹೊಸ ಕಾರು ತಂದ ದಿನ ಜನ ಇಡೀ ಬಿಲ್ಡಿಂಗಿಗೆ ಪೇಢೆ ಹಂಚುತ್ತಾರೆ. ಮಾರುವ ದಿನ ಅಲ್ಲಿಗೆ ಹೋಗುವುದು ನಾನೊಬ್ಬಳೇ. ಯಾರೋ ತೀರಿಕೊಂಡಿರುತ್ತಾರೆ, ಯಾರೋ ಊರು ಬಿಡುತ್ತಿರುತ್ತಾರೆ, ಯಾರಿಗೋ ಕಣ್ಣು ಮಂಜಾಗಿ ಇನ್ನು ಸ್ಟೇರಿಂಗ್ ಹಿಡಿಯುವ ಹಾಗಿರುವುದಿಲ್ಲ. ನಾನು ಒಂದು ಟಾರ್ಚು, ಒಂದು ಒರೆಸುವ ಬಟ್ಟೆ ಹಿಡಿದುಕೊಂಡು ಅವರ ಮಧ್ಯೆ ನಿಂತಿರುತ್ತೇನೆ.

ಕಾರಿನ ತಂಗಿ

ಮಗರಪಟ್ಟಾದ ಒಂದು ಟವರಿನ ಕೆಳಗಿನ ಪಾರ್ಕಿಂಗು. ಮೈಸೂರು ಕಡೆಯ ಗಂಡ ಹೆಂಡತಿ. ಹೆಂಡತಿ ಮಗಳನ್ನು ಕರೆದುಕೊಂಡು ಲಿಫ್ಟಿನಲ್ಲಿ ಇಳಿದು ಬಂದರು, ಗಂಡ ಹೊರಗಿನಿಂದ ರಿಕ್ಷಾದಲ್ಲಿ ಬಂದರು. ಅವರಿಬ್ಬರ ಡಿವೋರ್ಸ್ ಆಗಿ ತಿಂಗಳೂ ಆಗಿರಲಿಲ್ಲ. ನಮಸ್ಕಾರ ಕೂಡ ಇಬ್ಬರೂ ನನಗೇ ಹೇಳಿದರು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಮಗಳು ಮೂರನೆಯ ಕ್ಲಾಸಿರಬೇಕು. ನಾನು ಟಾರ್ಚು ಹಾಕಿ ನಂಬರು ಓದುವಾಗ ಪಕ್ಕಕ್ಕೆ ಬಂದು ನಿಂತಳು.

"ಆಂಟಿ, ಈ ಕಾರೂ ನಾನೂ ಸೇಮ್ ಏಜ್. ನಾನು ಹುಟ್ಟಿದ ವೀಕೇ ಇದನ್ನ ತಂದಿದ್ದು."

ನಾನು ಯೋಚಿಸದೇ ಹೇಳಿಬಿಟ್ಟೆ. "ಇಲ್ಲ ಪುಟ್ಟಾ, ಇದು ತಯಾರಾಗಿದ್ದು ಅದರ ಹಿಂದಿನ ವರ್ಷ. ಇಲ್ಲಿ ನೋಡು, ಹತ್ತನೇ ಅಕ್ಷರ ವರ್ಷಾನ ಹೇಳುತ್ತೆ. ಆಮೇಲೆ ಸ್ವಲ್ಪ ದಿನ ಶೋರೂಮಿನಲ್ಲಿ ನಿಂತಿತ್ತು, ಅಷ್ಟೇ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಹಾಗಾದ್ರೆ ಇದು ನನ್ನ ಅಕ್ಕ."

ಅವಳ ಅಪ್ಪ ಅಮ್ಮ ಒಂದೇ ಸಲಕ್ಕೆ ನಕ್ಕರು. ಹಾಗೆ ಜೊತೆಯಾಗಿ ನಕ್ಕಿದ್ದು ಇಬ್ಬರಿಗೂ ಮುಜುಗರವಾಯಿತು. ಒಬ್ಬರು ಫೋನ್ ತೆಗೆದರು, ಇನ್ನೊಬ್ಬರು ಕಂಬದ ಕಡೆ ತಿರುಗಿದರು.

ಹುಡುಗಿಗೆ ಇನ್ನೊಂದು ಪ್ರಶ್ನೆ ಇತ್ತು. "ಅಪ್ಪಾ, ಜಡ್ಜ್ ಆಂಟಿ ಅಕ್ಕನ್ನೂ ಕೇಳಿದ್ರಾ? ಯಾರ ಹತ್ರ ಇರೋಕೆ ಇಷ್ಟ ಅಂತ? ನನ್ನನ್ನ ಕೇಳಿದ್ರು."

ಅಪ್ಪ ಅವಳ ಎದುರು ಮಂಡಿಯೂರಿ ಕೂತರು. ಆಮೇಲೆ, "ಅದಕ್ಕೆ ಮಾತು ಬರಲ್ವಲ್ಲ ಪುಟ್ಟಾ" ಎಂದರು.

"ಲಕ್ಕಿ" ಎಂದಳು ಅವಳು.

ವ್ಯಾನಿನ ಗೋತ್ರ

ಪುಣೆಯ ಕ್ಯಾಂಪ್ ಏರಿಯಾದಲ್ಲಿ ಒಂದು ಹೋಟೆಲು, ಕುಂದಾಪುರದ ಕಡೆಯವರದು. ಯಜಮಾನರು ತೀರಿಹೋಗಿ ವರ್ಷದ ಹತ್ತಿರ ಬಂದಿತ್ತು. ಅವರು ದಿನಾ ಬೆಳಿಗ್ಗೆ ತರಕಾರಿ ತರುತ್ತಿದ್ದ ಹಳೇ ವ್ಯಾನು ಹೋಟೆಲಿನ ಹಿಂದೆ ನಿಂತಿತ್ತು. ಮಗನಿಗೆ ಮಾರುವ ಆತುರ. ಅವರು ಹೋದ ಮೇಲೆ ವ್ಯಾನು ಸರಿಯಾಗಿ ಸ್ಟಾರ್ಟೇ ಆಗುತ್ತಿರಲಿಲ್ಲ. ಅದಕ್ಕೂ ದುಃಖ ಆಗಿದೆ ಎನ್ನುವುದು ಅವನ ತಾಯಿಯ ನಂಬಿಕೆ.

ನಾನು ನಂಬರು ಒರೆಸುತ್ತಿದ್ದಾಗ ಆ ಅಮ್ಮ ಬಂದು ಬಗ್ಗಿ ನೋಡಿದರು.

"ಅದರಲ್ಲಿ ಎಂತ ಬರೆದಿದೆ ಮಗಾ?"

ಹೇಳಿದೆ. ಯಾವ ದೇಶ, ಯಾವ ಕಂಪನಿ, ಯಾವ ವರ್ಷ, ಹುಟ್ಟಿದ್ದು ಎಲ್ಲಿ ಅಂತೆಲ್ಲ.

"ಹಾಗಾದ್ರೆ ಜಾತಕವೇ ಆಯ್ತಲ್ಲ" ಎಂದರು. "ನಕ್ಷತ್ರ ಇಲ್ವಾ?"

"ಅದೊಂದಿಲ್ಲ ಅಮ್ಮ."

"ಅಡ್ಡಿಲ್ಲ. ಅದನ್ನು ನಂಗೊಂದು ಚೀಟಿಯಲ್ಲಿ ಬರೆದು ಕೊಡು."

ಬರೆದು ಕೊಟ್ಟು ಬಂದೆ. ಎರಡು ದಿನ ಬಿಟ್ಟು ಮಗ ಫೋನ್ ಮಾಡಿ, ವ್ಯಾನು ಕೊಡುವುದಿಲ್ಲ, ಅಮ್ಮ ಒಪ್ಪುತ್ತಿಲ್ಲ ಎಂದ. ಯಾಕೆ ಎಂದು ಕೇಳಿದ್ದಕ್ಕೆ ಪೂರ್ತಿ ಕಥೆ ಹೇಳಿದ.

ಅಮ್ಮ ದೇವಸ್ಥಾನಕ್ಕೆ ಹೋಗಿ ಮೊದಲು ಗಂಡನ ಹೆಸರಲ್ಲಿ ಅರ್ಚನೆ ಮಾಡಿ ಎಂದು ಕೇಳಿದ್ದಾರೆ. ಅರ್ಚಕರಿಗೆ ಅವರ ಮನೆ ವಿಷಯ, ವ್ಯಾನು ಸ್ಟಾರ್ಟ್ ಆಗದ ವಿಷಯ ಎಲ್ಲ ಗೊತ್ತು. "ಹೋದವರ ಹೆಸರಲ್ಲಿ ಅರ್ಚನೆ ಮಾಡುವ ಕ್ರಮ ಇಲ್ಲಮ್ಮ, ಇರುವವರ ಹೆಸರು ಹೇಳಿ" ಎಂದು ಮೆತ್ತಗೆ ಹೇಳಿದ್ದಾರೆ. ಆಗ ಅಮ್ಮ ನನ್ನ ಚೀಟಿ ತೆಗೆದು ಮುಂದೆ ಹಿಡಿದರಂತೆ.

"ಹಾಗಾದ್ರೆ ಈ ಹೆಸರಲ್ಲಿ ಮಾಡಿ. ಅವರು ಇದರಲ್ಲೇ ಕೂತುಕೊಂಡಿರ್ತಿದ್ರು."

ಅರ್ಚಕರು ಚೀಟಿ ನೋಡಿದರು, ಅಮ್ಮನ ಮುಖ ನೋಡಿದರು. ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಸಂಕಲ್ಪದಲ್ಲಿ ಆ ಹದಿನೇಳನ್ನೂ ಒಂದೊಂದಾಗಿ ಓದಿ, ಅಭ್ಯಾಸಬಲದಿಂದ "ಗೋತ್ರ?" ಎಂದು ಕೇಳಿಬಿಟ್ಟರು. ಅಮ್ಮ ಸಂಕೋಚವಿಲ್ಲದೆ ವ್ಯಾನಿನ ಕಂಪನಿಯ ಹೆಸರು ಹೇಳಿದರು.

ಅರ್ಚಕರು ಕೈಯಲ್ಲಿದ್ದ ಹೂವನ್ನು ದೇವರ ಮೇಲಿಟ್ಟು ತಿರುಗಿದರಂತೆ. "ನಮ್ಮ ಮನೆ ಗಾಡಿಯದೂ ಅದೇ ಗೋತ್ರ ಅಮ್ಮ" ಎಂದರಂತೆ. "ಬೆಳಿಗ್ಗೆ ಹೊತ್ತು ಅದಕ್ಕೂ ಇದೇ ಕಾಯಿಲೆ."

ಮೀಸೆ

ಖಡಕಿಯಲ್ಲಿ ಕಾರಿನ ಮಾಲೀಕರು ತೀರಿಕೊಂಡಿದ್ದರು. ಕಲಬುರಗಿ ಕಡೆಯವರು, ಖಡಕಿಯ ಕಾರ್ಖಾನೆಯಲ್ಲೇ ದುಡಿದು ರಿಟೈರ್ ಆದವರು. ಕಾರು ಮಾರಲು ಅವರ ಹೆಂಡತಿ ಗಂಡನ ಲೈಸೆನ್ಸು, ಮರಣದ ದಾಖಲೆ ಎಲ್ಲ ನನಗೆ ಫೋನಿನಲ್ಲಿ ಕಳಿಸಿದ್ದರು. ಬಕ್ಕ ತಲೆ, ದಪ್ಪ ಕನ್ನಡಕ, ಅಗಲ ಹಣೆಯ ಫೋಟೋ ನೋಡಿಕೊಂಡೇ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಅವರೇ. ಅದೇ ತಲೆ, ಅದೇ ಕನ್ನಡಕ, ಅದೇ ಹಣೆ.

ನನ್ನ ಕೈಯಿಂದ ಟಾರ್ಚು ಬಿತ್ತು. ಅವರೇ ಬಗ್ಗಿ ಎತ್ತಿಕೊಟ್ಟರು.

"ಹೆದರಬ್ಯಾಡ್ರಿ" ಎಂದರು. "ಹೋದಾಂವ ನಾ ಅಲ್ಲ, ನನ್ನ ತಮ್ಮ. ನಾವು ಅವಳಿ ಜವಳಿ."

ಕಾರಿನ ಹತ್ತಿರ ನಂಬರು ತಾಳೆ ನೋಡಿದೆವು. ಅವರ ತಮ್ಮನ ಹೆಂಡತಿ ನಂಬರನ್ನು ಕೈಯಲ್ಲಿ ಬರೆದುಕೊಟ್ಟಿದ್ದರು, ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಬರೆದಿದ್ದರು. "ಇದು ಓ ಇರೂದಿಲ್ರಿ ಕಾಕಾ" ಎಂದು ನಾನು ತಿದ್ದಿದೆ. "ಐ, ಓ, ಕ್ಯೂ, ಈ ಮೂರೂ ಅಕ್ಷರ ಚಾಸಿ ನಂಬರಿನೊಳಗ ಬಳಸೂದಿಲ್ಲ. ಒಂದು, ಸೊನ್ನಿ ಇದ್ದಂಗ ಕಾಣತಾವಲ್ರಿ, ಗೊಂದಲ ಆಗಬಾರದಂತ ಬಿಟ್ಟಬಿಟ್ಟಾರ."

ಅವರು ಆ ನಂಬರನ್ನೇ ನೋಡುತ್ತ ನಿಂತರು. "ಅಂದ್ರ ಒಂದ ಥರಾ ಇದ್ದವರೊಳಗ ಒಬ್ಬರನ್ನ ತಗದ ಬಿಡತಾರ."

ಯಾಕಾದರೂ ಹೇಳಿದೆನೋ ಅನ್ನಿಸಿತು. ಮತ್ತೆ ಮನೆಯೊಳಗೆ ಬಂದು ಕೂತೆವು. ತಮ್ಮನ ಹೆಂಡತಿ, ಕಾಕೂ, ಚಹಾ ತಂದರು. ನನಗೆ ಕೈಗೆ ಕೊಟ್ಟರು. ಭಾವನ ಕಪ್ಪನ್ನು ಟೀಪಾಯಿಯ ಮೇಲೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ "ತಗೋರಿ" ಎಂದರು.

ಕಾಕಾ ನನಗೆ ಸಣ್ಣ ದನಿಯಲ್ಲಿ ಹೇಳಿದರು. "ನೀವು ಒಂದ ಸಲ ಹೆದರಿದ್ರಿ. ಇಕಿಗೆ ದಿನಾ ಮುಂಜಾನೆ ಹಿಂಗ ಆಗತದ. ನನ್ನ ಮಾರಿ ನೋಡಿದ್ರ ಅಳು ಬರತದ. ಅದಕ್ಕಂತ ಮೀಸಿ ಬಿಡಾಕ ಹತ್ತೀನಿ. ಜಲ್ಮದಾಗ ಇದ ಮೊದಲನೇ ಸಲ."

ಆಗ ಗಮನಿಸಿದೆ. ಮೂಗಿನ ಕೆಳಗೆ ಬೆಳ್ಳಗೆ ಒಂದಿಷ್ಟು ಹುಟ್ಟಿತ್ತು. ಎಡಗಡೆ ದಟ್ಟ, ಬಲಗಡೆ ಅಲ್ಲೊಂದು ಇಲ್ಲೊಂದು.

ಕಾಕೂಗೆ ಎಲ್ಲ ಕೇಳಿಸಿತ್ತು. ಗೋಡೆಯ ಕಡೆಯಿಂದ ತಿರುಗಿ, ಬಹಳ ದಿನದ ಮೇಲೆ ಎಂಬಂತೆ ಅವರ ಮುಖವನ್ನು ಸರಿಯಾಗಿ ನೋಡಿದರು. "ಲಗ್ನದಾಗ ಅವರಿಗೂ ಮೀಸಿ ಇತ್ತವಾ" ಎಂದು ನನಗೆ ಹೇಳಿದರು. "ಇದ ನಮೂನಿ. ಒಂದ ಕಡೆ ದಾಟ, ಒಂದ ಕಡೆ ಬೋಳ."

ಕಾಕಾ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು. "ಅದು ಮರತ ಬಿಟ್ಟಿದ್ದೆ. ಹಂಗಾದ್ರ ಇವತ್ತ ಬೋಳಿಸಿ ಬಿಡತೀನಿ."

"ಬೋಳಿಸಿದ್ರ ಮೊನ್ನೆ ಹೋದವರ ಬರತಾರ" ಎಂದರು ಕಾಕೂ. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಇರಲಿ ಬಿಡ್ರಿ ಭಾವಾರ. ಮದುಮಗನ್ನ ನೋಡಿ ಭಾಳ ದಿನ ಆಗಿತ್ತು."

ಅಪ್ಪ

ಇದು ನಮ್ಮ ಮನೆಯದೇ. ಅಪ್ಪ ಪುಣೆಯಲ್ಲಿ ಊರ ಜನರ ಕಾರುಗಳನ್ನೆಲ್ಲ ಓಡಿಸಿದ ಡ್ರೈವರು, ಸ್ವಂತಕ್ಕೊಂದು ಕಾರು ಮಾತ್ರ ಮಾಡಿಕೊಳ್ಳಲಿಲ್ಲ. ಹೋದ ಮಳೆಗಾಲದಲ್ಲಿ ಎದೆಯ ಕಾಯಿಲೆಯಿಂದ ಮಲಗಿದರು. ಇಲ್ಲಿ ಬರೆಯುವುದು ಅವರು ಹೋಗುವ ಮೂರು ದಿನ ಮುಂಚಿನ ಮಾತು.

ಅವ್ವ ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೇ ಇದ್ದಳು. ಡಾಕ್ಟರು ನಮಗೆ ಇನ್ನು ಕೆಲವೇ ದಿನ ಎಂದು ಹೇಳಿದ ಮೇಲೆ ಅವಳು ಮಾತು ನಿಲ್ಲಿಸಿದ್ದಳು. ಊಟ ಮಾಡು ಎಂದರೆ ತಲೆ ಆಡಿಸುವುದು, ಮಲಗು ಎಂದರೆ ತಲೆ ಆಡಿಸುವುದು, ಅಷ್ಟೇ.

ಅಪ್ಪ ಕೈಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಎತ್ತಿ ನನಗೆ ತೋರಿಸಿದರು. "ನನಗೂ ಚಾಸಿ ನಂಬರ್ ಹೊಡದಾರ ನೋಡವಾ. ಏನಂತದ ಓದು."

"ಗಾಡಿಗೆ ಕಂಪನಿ ಹೆಸರಿದ್ದಂಗ, ಮೊದಲಿನ ಮೂರು ಅಕ್ಷರ ದವಾಖಾನಿ ಹೆಸರಪಾ."

"ಅಂದ್ರ ನಾ ಇಲ್ಲೇ ತಯಾರಾಗೀನಿ? ಮತ್ತ ಆಳಂದದಾಗ ಹುಟ್ಟಿದಾಂವ ಯಾರು?"

ಅಷ್ಟರಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಬಂದಳು. ಮರಾಠಿ ಹುಡುಗಿ. ಫೈಲಿನಲ್ಲಿದ್ದ ವಯಸ್ಸು ನೋಡಿ, ಇವರು ಅಷ್ಟು ಚಿಕ್ಕವರು ಅನ್ನಿಸುವುದಿಲ್ಲವಲ್ಲ ಎಂದು ನನ್ನನ್ನು ಕೇಳಿದಳು. ಅಪ್ಪನ ವಯಸ್ಸು ಶಾಲೆ ಮಾಸ್ತರು ಅಂದಾಜಿಗೆ ಕಡಿಮೆ ಬರೆಸಿದ್ದು, ಅದು ಎಲ್ಲ ಕಾಗದದಲ್ಲೂ ಹಾಗೇ ನಡೆದುಕೊಂಡು ಬಂದಿತ್ತು. ನಾನು ಉತ್ತರ ಹೇಳುವ ಮೊದಲೇ ಅಪ್ಪ ಮಲಗಿದಲ್ಲಿಂದ ಕನ್ನಡದಲ್ಲೇ ಹೇಳಿದರು.

"ಮೀಟರ್ ಹಿಂದಕ್ಕ ತಿರುಗಿಸ್ಯಾರ್ರಿ ಡಾಕ್ಟರ ಬಾಯಾರ."

ಅವಳಿಗೆ ಅರ್ಥವಾಗಲಿಲ್ಲ. ಹಳೇ ಗಾಡಿ ಕಡಿಮೆ ಓಡಿದೆ ಎಂದು ತೋರಿಸಲು ಕಿಲೋಮೀಟರ್ ಹಿಂದಕ್ಕೆ ತಿರುಗಿಸುವುದನ್ನು ನಾನು ಮರಾಠಿಯಲ್ಲಿ ಹೇಳಹೋದೆ. ಅರ್ಧಕ್ಕೆ ನಗು ಬಂತು, ಇನ್ನರ್ಧಕ್ಕೆ ಅಳು ಬಂತು. ಪಕ್ಕದ ಮಂಚದ ಮುದುಕರೊಬ್ಬರು ಕನ್ನಡದವರಂತೆ, ಉಳಿದದ್ದನ್ನು ಅವರು ಹೇಳಿ ಮುಗಿಸಿದರು. ಡಾಕ್ಟರು ನಕ್ಕು, ಅಪ್ಪನ ಕೈ ತಟ್ಟಿ, ಬೇಗನೆ ಮುಂದಿನ ಮಂಚಕ್ಕೆ ಹೋದಳು.

ಅಪ್ಪ ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ನನ್ನ ಕಡೆ ತಿರುಗಿದರು. ಈ ಸಲ ನಗುತ್ತಿರಲಿಲ್ಲ.

"ಖರೇ ಹೇಳು. ಗಾಡಿ ಇನ್ನೂ ಎಷ್ಟ ದಿನ ಓಡತದ ಅಂಬೂದು ನಂಬರಿನೊಳಗ ಇರತದೇನು?"

"ಇಲ್ಲಪಾ" ಎಂದೆ. "ಎಲ್ಲಿ ಹುಟ್ಟೇದ, ಯಾವಾಗ ಹುಟ್ಟೇದ, ಅಷ್ಟ ಇರತದ. ಮುಂದಿಂದು ಇರೂದಿಲ್ಲ."

ಅವರು ಅವ್ವನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. "ಛಲೋ ಆತು" ಎಂದರು ಅಪ್ಪ, ಅವಳಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ. "ಇದ್ದಿದ್ರ ನಿಮ್ಮವ್ವ ನಾ ಹೆಣ್ಣ ನೋಡಾಕ ಹೋದ ದಿನ ನಂಬರ್ ಓದಿ ನನ್ನ ಒಲ್ಲೆ ಅಂತಿದ್ದಳು."

ಅವ್ವ ತಲೆ ಎತ್ತಿದಳು. ಅಷ್ಟು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ನಂಬರ್ ಯಾರ ನೋಡಿದ್ರು? ಬಣ್ಣಕ್ಕ ಮೋಸ ಹೋದೆ."

ಅಪ್ಪ ನಕ್ಕರು. ನಕ್ಕು ನಕ್ಕು ಕೆಮ್ಮು ಹತ್ತಿತು, ನರ್ಸು ಓಡಿ ಬಂದು ಆಕ್ಸಿಜನ್ ಸರಿ ಮಾಡಿ, ಪೇಷಂಟನ್ನು ಯಾರು ನಗಿಸಿದ್ದು ಎಂದು ನಮ್ಮಿಬ್ಬರನ್ನೂ ಬೈದಳು. ಅಪ್ಪ ಬೆರಳು ತೋರಿಸಿ, ಮಾಸ್ಕಿನೊಳಗಿನಿಂದಲೇ ಅವ್ವನ ಹೆಸರು ಹೇಳಿಬಿಟ್ಟರು.