ನನ್ನ ವೆಬ್‌ಸೈಟಿನ ಏಕೈಕ ಸದಸ್ಯ

ತಮಗೆ ಹೊಟ್ಟೆಕಿಚ್ಚೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ನೆಮ್ಮದಿಯಾಗಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. ನೆರೆಮನೆಯವರ ಹೊಸ ಸ್ಕೂಟರು, ಷಡ್ಡಕನ ಬಡ್ತಿ ಎಲ್ಲವನ್ನೂ ಹೇಗೋ ನುಂಗಿಕೊಂಡಿದ್ದೇನೆ. ನುಂಗಲಾಗದೆ ಉಳಿದದ್ದು ಮರಿಗೌಡನ ಚರ್ಚಾಕಟ್ಟೆ ಒಂದೇ.

ಅದು ತೊಂಬತ್ತರ ದಶಕದ ಕೊನೆ. ನಾನು ಪಾಂಡವಪುರದಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಜೊತೆ ಓದಿದ ಮರಿಗೌಡ ಶ್ರೀರಂಗಪಟ್ಟಣದಲ್ಲಿ ಗಣಿತದ ಮೇಷ್ಟ್ರು. ಇಬ್ಬರೂ ನಮ್ಮ ನಮ್ಮ ಊರಿನ ಬಗ್ಗೆ ಒಂದೊಂದು ವೆಬ್‌ಸೈಟು ಮಾಡಿಕೊಂಡಿದ್ದೆವು. ನನ್ನದರಲ್ಲಿ ಚೆಂದದ ಫೋಟೊಗಳಿದ್ದವು. ಅವನದರಲ್ಲಿ ಕರಿಘಟ್ಟದ ಒಂದೇ ಫೋಟೊ, ಅದೂ ವಾರೆ. ಆದರೆ ಅವನು ಅದಕ್ಕೊಂದು ಫೋರಂ, ಅಂದರೆ ಆ ಚರ್ಚಾಕಟ್ಟೆ, ಸೇರಿಸಿದ್ದೇ ತಡ, ಎಲ್ಲೆಲ್ಲಿಂದಲೋ ಜನ ಬಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತ ಹರಟತೊಡಗಿದರು.

“ನಿಂದ್ರಲ್ಲಿ ಬರೀ ನೋಡ್ಕಂಡು ವೋಗ್ಬೇಕಲ್ಲ ಕಣ್ಲಾ, ಮಾತಾಡಕ್ಕೆ ಜಾಗ್ವೇ ಇಲ್ಲ” ಎಂದ ಮರಿಗೌಡ. ಕನಿಕರದಿಂದಲೇ ಅಂದ, ಉರಿದದ್ದು ಅದಕ್ಕೇ.

ಮೂರು ವಾರ ಫೋರಂ ತಂತ್ರಾಂಶ ಹುಡುಕಿದೆ. ಒಂದನ್ನು, ನನ್ನ ಸೈಟಿಗೆ ತಮ್ಮ ಸರ್ವರಿನಲ್ಲಿ ಜಾಗ ಕೊಟ್ಟ ಕಂಪನಿಯವರು ಅಲ್ಲಿ ನಡೆಸಲು ಬಿಡುವುದಿಲ್ಲ ಎಂದರು. ಇನ್ನೊಂದು ಬಲು ಸುಲಭ, ಆದರೆ ಮರಿಗೌಡ ಹಾಕಿಕೊಂಡದ್ದೂ ಅದೇ. ಆ ಒಂದೇ ಕಾರಣಕ್ಕೆ ಬೇಡವೆಂದೆ. ಮೂರನೆಯದರಲ್ಲಿ ಜನ ಹೆಸರು ನೋಂದಾಯಿಸಿ, ಪಾಸ್‌ವರ್ಡು ಪಡೆದು, ನಾನು ಒಪ್ಪಿದ ಮೇಲೆ ಬರೆಯಬೇಕು. ಮರಿಗೌಡನಿಗಿಲ್ಲದ ಅಧಿಕಾರ! ಅದನ್ನೇ ಹಾಕಿಕೊಂಡು, ಹನ್ನೆರಡು ವಿಭಾಗ ತೆರೆದು ಕಾದೆ. ಒಬ್ಬರೂ ಬರಲಿಲ್ಲ. ನೀನಾದರೂ ಸದಸ್ಯಳಾಗು ಎಂದು ಹೆಂಡತಿಯನ್ನು ಕೇಳಿದರೆ, ನಿಮ್ಮ ಮಾತು ಮನೆಯಲ್ಲಿ ಪಾಸ್‌ವರ್ಡಿಲ್ಲದೆಯೇ ಬೇಕಾದಷ್ಟು ಸಿಗುತ್ತಿದೆ ಎಂದಳು.

ಕೊನೆಗೆ ನಾನೇ ‘ನಾಗಮಂಗಲದ ಸುರೇಶ’ ಎಂಬ ಹೆಸರಿನಲ್ಲಿ ಅರ್ಜಿ ಹಾಕಿ, ನಾನೇ ಒಪ್ಪಿಕೊಂಡೆ. ಬಸ್ಸಾರಿಗೆ ಒಗ್ಗರಣೆ ಬೇಕೇ ಬೇಡವೇ ಎಂದು ಸುರೇಶ ಕೇಳಿದ. ಬೇಕು ಎಂದು ನಾನು ಗಂಭೀರವಾಗಿ ಬರೆದೆ. ಅವನು ಗೇಲಿ ಮಾಡಿದ. ಹದಿನೈದು ದಿನ ನಾವಿಬ್ಬರೇ ಜಗಳವಾಡಿದೆವು. ಸುರೇಶನಾದಾಗ ನನ್ನ ಕೈ ಯಾಕೋ ಸಲೀಸಾಗಿ ಓಡುತ್ತಿತ್ತು.

ಒಂದು ಭಾನುವಾರ ಮರಿಗೌಡ ಮನೆಗೆ ಬಂದ. ಗುಟ್ಟು ಬಯಲಾಯಿತೆಂದೇ ನಾನು ತಿಳಿದೆ.

“ಯಾರ್ಲಾ ಆ ಸುರೇಸ? ಏನ್ ಚೆಂದಾಗಿ ಬರೀತಾನೆ! ನೀನು ಅವನ್ಗೆ ಅಡ್ಡಡ್ಡ ಮಾತಾಡ್ಬೇಡ, ಓಡೋಗ್ಬುಟ್ಟಾನು. ನಮ್ ಕಟ್ಟೆಗೂ ಒಸಿ ಬರೋಕೇಳು.”

ಹೇಳಿ ನೋಡುತ್ತೇನೆ ಎಂದೆ. ಸುರೇಶನನ್ನು ಶ್ರೀರಂಗಪಟ್ಟಣದ ಸೈಟಿಗೆ ಕಳಿಸಿಕೊಟ್ಟೆ. ವಾರದೊಳಗೆ ಅವನು ಅಲ್ಲಿ ಎಲ್ಲರಿಗೂ ಬೇಕಾದವನಾದ. ಕೆ.ಆರ್. ಪೇಟೆಯ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಊಟಕ್ಕೂ ಕರೆದರು. ತಡೆಯಲಾರದೆ ಒಂದು ದಿನ ನನ್ನ ಸ್ವಂತ ಹೆಸರಿನಲ್ಲಿ ಅಲ್ಲಿ ಏನೋ ಬರೆದೆ. ನಾಲ್ಕು ದಿನ ಯಾರೂ ತಿರುಗಿ ನೋಡಲಿಲ್ಲ. ಐದನೆಯ ದಿನ ಆ ಪೋಸ್ಟ್‌ಮಾಸ್ಟರು, ಬರೆಯುವುದನ್ನು ನಮ್ಮ ಸುರೇಶರಿಂದ ಸ್ವಲ್ಪ ಕಲಿತುಕೊಳ್ಳಿ ಎಂದು ಬುದ್ಧಿ ಹೇಳಿದರು.

ಮರಿಗೌಡನ ಮೇಲಿನ ಸಿಟ್ಟು ಅಂದೇ ಇಳಿಯಿತು. ಈಗ ಸುರೇಶನನ್ನು ಕಂಡರೆ ನನಗಾಗುವುದಿಲ್ಲ.