ವಿಮಲಾಕ್ಷಿಗೆ ಎಷ್ಟು ಇಂಚಿನ ಚಾಕು?

"ಇದು ಚಾಕು ಅಲ್ಲ ಕಣೇ, ಚಾಕುವಿಗಿಂತ ಮುಂಚೆ ಬೇಕಾದ್ದು!" ಎನ್ನುತ್ತ ತ್ರಿಯಂಬಕ, ಊಟದ ಮೇಜಿನ ಮೇಲಿದ್ದ ಡಬ್ಬಿಗೆ ಹೊದಿಸಿದ್ದ ಟವೆಲನ್ನು ಸರ್ರನೆ ಎಳೆದ.

ತಂಗಿ ವಿಮಲಾಕ್ಷಿ ಕೇಳಿದ್ದು ಬರೀ ಒಂದು ಚಾಕು. ಮೈಸೂರಿನ ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಕೌಂಟರ್ ಅವಳದು. ದಾರ, ಟೇಪು, ಗೋಣಿಚೀಲದ ಹೊಲಿಗೆ ಎಲ್ಲವನ್ನೂ ಹಲ್ಲಿನಲ್ಲೇ ಕಚ್ಚಿ ಹರಿಯುವುದು ಅವಳ ಅಭ್ಯಾಸ. ಕಳೆದ ವಾರ ಮುಂದಿನ ಹಲ್ಲಿನ ಒಂದು ಚೂರು ಯಾರದೋ ಪಾರ್ಸೆಲ್ಲಿನ ಜೊತೆ ದಾವಣಗೆರೆಗೆ ಹೋಯಿತು. ಹಲ್ಲಿನ ಡಾಕ್ಟರು, "ಒಂದು ಮಡಚೋ ಚಾಕು ಚೀಲದಲ್ಲಿ ಇಟ್ಕೊಳ್ಳಮ್ಮ, ನನ್ನ ಫೀಸಿಗಿಂತ ಅಗ್ಗ" ಎಂದರು.

ಅಂಗಡಿಗೆ ಹೋದರೆ ಅಲ್ಲೊಂದು ಚಾಕುಗಳ ಸಂತೆಯೇ! ಮರದ ಹಿಡಿಕೆಯದು, ಸ್ಟೀಲಿನದು, ಚಮಚ ಇರುವುದು, ಸೀಟಿ ಇರುವುದು. ತಲೆ ತಿರುಗಿ ಬರಿಗೈಯಲ್ಲಿ ಬಂದ ವಿಮಲಾಕ್ಷಿ ಅದನ್ನು ಯಂತ್ರ ಕಟ್ಟುವ ಹುಚ್ಚಿನ ಅಣ್ಣನ ಮುಂದೆ ಆಡಿಬಿಟ್ಟಳು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯುವುದು ಎಂದರೆ ಇದೇ.

"ಎಲ್ರೂ ಮಾಡೋ ತಪ್ಪು ಏನು ಗೊತ್ತಾ? ಹೊಳಪು ನೋಡಿ ಚಾಕು ತರ್ತಾರೆ, ಅಗತ್ಯ ಅಳೆಯೋದೇ ಇಲ್ಲ!" ತ್ರಿಯಂಬಕ ಡಬ್ಬಿಯನ್ನು ಅವಳ ಕೊರಳಿಗೆ ನೇತುಹಾಕಿ, ಅದರ ಪ್ಲಾಸ್ಟಿಕ್ ಪಟ್ಟಿಯನ್ನು ಕಟಕ್ಕೆಂದು ಬಿಗಿದ. ಡಬ್ಬಿಯಿಂದ ಬಂದ ತಂತಿಯ ಕ್ಲಿಪ್ಪನ್ನು ಕಳಚಿ ಬರದ ಹಾಗೆ ಅದೇ ಪಟ್ಟಿಗೆ ಸೇರಿಸಿ ದವಡೆಯ ಬಳಿ ಸಿಕ್ಕಿಸಿದ. "ನೀನು ಹಲ್ಲು ಬಿಗಿ ಹಿಡಿದಾಗಲೆಲ್ಲ ಇದು ಬಲ ಅಳೆಯತ್ತೆ. ಅಷ್ಟು ಬಲಕ್ಕೆ ಎಷ್ಟು ಇಂಚಿನ ಅಲಗು ಬೇಕು ಅಂತ ಹೇಳತ್ತೆ. ಒಂದು ವಾರ ಹಾಕ್ಕೋ, ನಿನ್ನ ಚಾಕು ಯಾವುದು ಅಂತ ತಾನೇ ಗೊತ್ತಾಗತ್ತೆ."

"ಇದನ್ನ ಬಿಚ್ಚೋದು ಹೇಗೆ?"

"ಪಟ್ಟಿ ಕತ್ತರಿಸ್ಬೇಕು."

"ಯಾತರಲ್ಲಿ?"

"ಚಾಕುವಿನಲ್ಲಿ." ಹೀಗೆ ಹೇಳುವಾಗ ಅವನು ನಗಲಿಲ್ಲ.

"ಮನೇಲಿ ಕತ್ತರಿ ಇತ್ತಲ್ಲ ಅಣ್ಣ?"

"ಅದು ಡಬ್ಬಿ ಒಳಗಿದೆ. ಅಲಗು ಅಂದ್ರೆ ಏನು ಅಂತ ಯಂತ್ರಕ್ಕೆ ಕಲಿಸೋದು ಬೇಡ್ವಾ?"

ಪರೀಕ್ಷೆಗೆಂದು ವಿಮಲಾಕ್ಷಿ ಒಂದು ಸೆಣಬಿನ ದಾರ ಕಚ್ಚಿದಳು. ರೈಲ್ವೆ ಸ್ಟೇಷನ್ನಿನಲ್ಲಿ ಕೇಳಿಬರುವಂಥ ಹೆಣ್ಣು ದನಿಯೊಂದು ಡಬ್ಬಿಯಿಂದ ಹೊರಟಿತು. "ಗಮನಿಸಿ. ಚಾಕು ಬೇಕು. ಅಲಗು, ಎರಡೂವರೆ ಇಂಚು." ತ್ರಿಯಂಬಕ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋದ ಸಂಗತಿ ಒಂದೇ. ವಿಮಲಾಕ್ಷಿ ಹಲ್ಲು ಕಚ್ಚುತ್ತಿದ್ದದ್ದು ದಾರಕ್ಕಿಂತ ಹೆಚ್ಚಾಗಿ ಜನರನ್ನು ಸಹಿಸಿಕೊಳ್ಳಲು.

ಮರುದಿನ ಮ್ಯಾನೇಜರು ಕೌಂಟರಿಗೆ ಬಂದು, "ನಿಮ್ಮಷ್ಟು ತಾಳ್ಮೆ ಯಾರಿಗೂ ಇಲ್ಲ ಕಣ್ರೀ. ಅದಕ್ಕೇ ಈ ಭಾನುವಾರದ ಡ್ಯೂಟೀನೂ ನಿಮಗೇ ಹಾಕಿದ್ದೀನಿ" ಎಂದರು. ವಿಮಲಾಕ್ಷಿ ಎಂದಿನಂತೆ ನಕ್ಕಳು.

"ಗಮನಿಸಿ. ಚಾಕು ಬೇಕು. ಅಲಗು, ನಾಲ್ಕು ಇಂಚು."

ಮ್ಯಾನೇಜರು ಸುತ್ತಲೂ ನೋಡಿದರು. ಅಲ್ಲಿ ಇದ್ದದ್ದು ಅವರಿಬ್ಬರೇ. "ಭಾನುವಾರ ನಾನೇ ಬರ್ತೀನಿ ಬಿಡಿ" ಎಂದು ಹಿಂದೆ ಹಿಂದೆಯೇ ನಡೆದು ಹೋದರು.

ಉಪ್ಪಿನಕಾಯಿ ಜಾಡಿ ಕಳಿಸಲು ಬಂದು ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದವರೊಬ್ಬರು "ಐದು ಇಂಚು, ಹಿಡಿಕೆ ಭದ್ರವಾಗಿರಲಿ" ಎಂಬುದನ್ನು ಕೇಳಿ ಜಾಡಿಯನ್ನು ಅಲ್ಲೇ ಬಿಟ್ಟು ಹೋದರು. ಅಷ್ಟಾದರೂ ವಿಮಲಾಕ್ಷಿಗೆ ಇದರಲ್ಲೇನೂ ಖುಷಿಯಾಗಲಿಲ್ಲ. ಭಾನುವಾರ ಹತ್ತಿರ ಬಂದಂತೆ ಅವಳು ದಿನಕ್ಕೆ ಹತ್ತು ಸಲ ಪಟ್ಟಿ ಜಗ್ಗಿ ನೋಡುತ್ತಿದ್ದಳು.

ಏಕೆಂದರೆ ಭಾನುವಾರ ಮನೆ ಮಾಲೀಕರು ಮಾತಾಡಲು ಕೆಳಗಿಳಿದು ಬರುವವರಿದ್ದರು. ಮಹಡಿ ಮೇಲೆ ಶ್ರೀಕಂಠಯ್ಯ ದಂಪತಿ, ಕೆಳಗೆ ಬಾಡಿಗೆಗೆ ಈ ಅಣ್ಣ ತಂಗಿ. ತ್ರಿಯಂಬಕನ ದೋಸೆ ಮಗುಚುವ ಯಂತ್ರ ಕಾದ ದೋಸೆಯೊಂದನ್ನು ಮಾಲೀಕರ ಬೋಳುತಲೆಗೆ ಮಗುಚಿದಂದಿನಿಂದ, ಇವರಿಂದ ಮನೆ ಬಿಡಿಸುವ ಮಾತು ನಡೆದಿತ್ತು. ವಿಮಲಾಕ್ಷಿಗೆ ಆ ಮನೆ ಎಂದರೆ ಪ್ರಾಣ. ಮೇಲಾಗಿ ಇಂಥ ಅಣ್ಣನನ್ನು ಒಳಗೆ ಬಿಟ್ಟುಕೊಳ್ಳುವ ಇನ್ನೊಬ್ಬ ಮಾಲೀಕ ಊರೆಲ್ಲ ಜಾಲಾಡಿದರೂ ಸಿಗಲಾರ. ಬೈಗುಳವನ್ನೆಲ್ಲ ಹಲ್ಲು ಕಚ್ಚಿ ನುಂಗಿಯೇ ಅವಳು ಇಷ್ಟು ಕಾಲ ಮನೆ ಉಳಿಸಿಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಪಟ್ಟು ಹಿಡಿದಳು. "ಅವರು ಬರೋದ್ರೊಳಗೆ ಇದನ್ನ ತೆಗಿ! ಏನಾದ್ರೂ ಮಾಡು!"

ಮನೆಯಲ್ಲಿ ಹರಿತವಾದದ್ದೆಂದರೆ ಈಳಿಗೆಮಣೆ ಒಂದೇ. ಅದರ ಗುಣ ಎಲ್ಲರಿಗೂ ಗೊತ್ತು: ಅದು ತರಕಾರಿಯ ಬಳಿಗೆ ಬರುವುದಿಲ್ಲ, ತರಕಾರಿಯೇ ಅದರ ಬಳಿಗೆ ಹೋಗಬೇಕು. ವಿಮಲಾಕ್ಷಿ ನೆಲದ ಮೇಲೆ ಮಂಡಿಯೂರಿ ಕುತ್ತಿಗೆ ಚಾಚಿದಳು. ತ್ರಿಯಂಬಕ ಅವಳ ತಲೆ ಹಿಡಿದು, "ಅಲ್ಲಾಡ್ಬೇಡ, ಬರೀ ಪಟ್ಟಿ ಕುಯ್ಯೋದು" ಎಂದು ಮೆಲ್ಲಗೆ ಬಗ್ಗಿಸಿದ. ಭಯಕ್ಕೆ ಅವಳ ಹಲ್ಲು ಬಿಗಿಯಿತು.

"ಗಮನಿಸಿ. ಅಲಗು, ಏಳು ಇಂಚು. ಮಡಚುವ ಚಾಕು ಸಾಲದು."

ಬಾಗಿಲಲ್ಲಿ ಶ್ರೀಕಂಠಯ್ಯ ನಿಂತಿದ್ದರು. ಹಿಂದೆ ಹೂಬುಟ್ಟಿ ಹಿಡಿದ ಅವರ ಹೆಂಡತಿ ಸೌಭಾಗ್ಯಮ್ಮ.

"ಏನ್ರೀ ಇದು! ನನ್ನ ಮನೇಲಿ ಕೊಲೆ!"

"ಕೊಲೆ ಅಲ್ಲ ಸಾರ್, ಸಂಶೋಧನೆ" ಎಂದ ತ್ರಿಯಂಬಕ, ತಂಗಿಯ ತಲೆ ಬಿಡದೆ.

"ಸಾಕು! ಇವತ್ತೇ ಖಾಲಿ ಮಾಡಿ!"

ವಿಮಲಾಕ್ಷಿಗೆ ಅಳು ಬಂತು. ತಡೆದುಕೊಳ್ಳೋಣವೆಂದರೆ ಹಲ್ಲು ಕಚ್ಚುವ ಹಾಗೂ ಇಲ್ಲ, ಆದ್ದರಿಂದ ಬಾಯಿ ತೆರೆದೇ ಜೋರಾಗಿ ಅತ್ತಳು.

"ಅಳ್ಬೇಡ ಮಗಳೇ" ಎಂದು ಸೌಭಾಗ್ಯಮ್ಮ ಹೂಬುಟ್ಟಿಯಿಂದ ಒಂದು ಪುಟ್ಟ ಮಡಚುವ ಚಾಕು ತೆಗೆದು, ಪಟ್ಟಿಯನ್ನು ಒಂದೇ ಎಳೆತಕ್ಕೆ ಕುಯ್ದರು. ಡಬ್ಬಿ ಎತ್ತಿಕೊಂಡು, ತಿರುಗಿಸಿ ನೋಡಿ, ಕ್ಲಿಪ್ಪನ್ನು ಓಲೆ ತೊಟ್ಟಂತೆ ತಮ್ಮ ದವಡೆಗೇ ಸಿಕ್ಕಿಸಿಕೊಂಡರು.

"ನಿಂಗ್ಯಾಕೇ ಅದು? ನಿಂಗೇನು ಅರ್ಥ ಆಗತ್ತೆ?" ಎಂದು ಶ್ರೀಕಂಠಯ್ಯ ಗದರಿದರು.

ಸೌಭಾಗ್ಯಮ್ಮ ಎಂದಿನಂತೆ ಶಾಂತವಾಗಿ ಮುಗುಳ್ನಕ್ಕರು.

"ಗಮನಿಸಿ. ಅಲಗು, ಹನ್ನೆರಡು ಇಂಚು. ಗಮನಿಸಿ. ಹದಿನೆಂಟು ಇಂಚು. ಗಮನಿಸಿ. ಮಚ್ಚು ಬೇಕು. ಗಮನಿಸಿ. ಮರ ಕೊಯ್ಯುವ ಗರಗಸ ಬೇಕು. ದಯವಿಟ್ಟು ಅಕ್ಕಪಕ್ಕದವರು ದೂರ ನಿಲ್ಲಿ."

ಶ್ರೀಕಂಠಯ್ಯ ಗೋಡೆಗೆ ಒರಗಿದರು. "ಸೌಭಾಗ್ಯ... ಇದು ಯಾವಾಗಿಂದ?"

"ಮದುವೆ ಆದ ಸಾಯಂಕಾಲದಿಂದ" ಎಂದರು ಸೌಭಾಗ್ಯಮ್ಮ. "ಈ ಮಕ್ಕಳು ಇಲ್ಲೇ ಇರ್ಲಿ."

"ಇರ್ಲಿ, ಇರ್ಲಿ! ಬೇಕಾದಷ್ಟು ವರ್ಷ ಇರ್ಲಿ!"

"ಗಮನಿಸಿ. ಸದ್ಯಕ್ಕೆ ಚಾಕು ಬೇಡ" ಎಂದಿತು ಡಬ್ಬಿ.

ಸೌಭಾಗ್ಯಮ್ಮ ತಮ್ಮ ಚಾಕುವನ್ನು ಮಡಚಿ, ಕೈಗೆ ಕೊಡದೆ ವಿಮಲಾಕ್ಷಿಯ ಮುಂದೆ ನೆಲದ ಮೇಲಿಟ್ಟರು. "ಕೈಯಿಂದ ಕೈಗೆ ಕೊಟ್ರೆ ಜಗಳ ಆಗತ್ತೆ. ಸುಮ್ನೆ ಕೊಡೋದೂ ಒಳ್ಳೇದಲ್ಲ. ಬದಲಿಗೆ ಈ ಡಬ್ಬಿ ನಾನಿಟ್ಕೊಳ್ಳಲಾ?" ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದರು. ಶ್ರೀಕಂಠಯ್ಯ ಹೂಬುಟ್ಟಿ ಹಿಡಿದು, ಬಹಳ ಅಂತರ ಬಿಟ್ಟು ಹಿಂಬಾಲಿಸಿದರು.

ವಿಮಲಾಕ್ಷಿ ಚಾಕು ಬಿಚ್ಚಿ ನೋಡಿದಳು. ಅಂಗೈಗೆ ಹಿತವಾಗಿ ಕೂತಿತು. ಮನೆ ಉಳಿಯಿತೆಂದು ಅವಳಿಗೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ.

"ಅನ್ಯಾಯ! ಅಷ್ಟು ದೊಡ್ಡ ಯಂತ್ರ ಕೊಟ್ಟು ಇಷ್ಟು ಚಿಕ್ಕ ಚಾಕು ತಗೊಂಡ್ಯಾ?" ತ್ರಿಯಂಬಕ ಹಣೆ ಚಚ್ಚಿಕೊಂಡ. "ಇರ್ಲಿ ಬಿಡು, ನಾಳೆ ಇನ್ನೂ ದೊಡ್ಡದೊಂದು ಮಾಡ್ತೀನಿ!"

"ಪಾರ್ಸೆಲ್ಲಿಗೆ ಇದು ಸಾಕು ಅಣ್ಣ" ಎಂದಳು ವಿಮಲಾಕ್ಷಿ. "ನಿಂಗೆ ಸಾಲದು."